ರದೀಫ್ ಇದೆ, ಕಾಫಿಯಾ ಎಲ್ಲಿ?

ಈ ತಿಂಗಳು ನನ್ನ ಮೇಜಿಗೆ ಬಂದ ಮೂರನೇ ಹಸ್ತಪ್ರತಿ ಇದು. ನೂರಾ ಒಂದು ಗಜಲ್. ಬರೆದವರು ಬ್ಯಾಂಕಿನಿಂದ ನಿವೃತ್ತರಾದವರು, ತುಂಬಾ ಒಳ್ಳೆಯವರು. ಹಸ್ತಪ್ರತಿಯ ಜೊತೆ ಒಂದು ಡಬ್ಬಿ ಮಾಲ್ಪುರಿ ತಂದಿದ್ದರು. "ಸರ, ಒಂದು ಮುನ್ನುಡಿ ಬರ್ದು ಕೊಡ್ರಿ, ಎರಡು ಪುಟ ಸಾಕು" ಅಂದರು. ಮಾಲ್ಪುರಿ ಅವತ್ತೇ ಖಾಲಿಯಾಯಿತು. ಮುನ್ನುಡಿ ಇನ್ನೂ ಬರೆದಿಲ್ಲ.

ಕಲಬುರಗಿಯಲ್ಲಿ ಮೂವತ್ತು ವರ್ಷ ಉರ್ದು, ಫಾರ್ಸಿ (ಪರ್ಷಿಯನ್) ಪಾಠ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ಪಾಠ ನಿಂತಿತು, ಮುನ್ನುಡಿ ಶುರುವಾಯಿತು. ಬರುವ ಹಸ್ತಪ್ರತಿ ಹತ್ತಿದ್ದರೆ ಎಂಟರಲ್ಲಿ ಅದೇ ಒಂದು ತಪ್ಪು: ರದೀಫ್ (ಸಾಲಿನ ಕೊನೆಗೆ ಬದಲಾಗದೆ ಮರಳಿ ಬರುವ ಮಾತು) ಇರುತ್ತೆ, ಕಾಫಿಯಾ (ಅದರ ಹಿಂದೆ ಬರಬೇಕಾದ ಪ್ರಾಸ) ಇರಲ್ಲ. ಅದನ್ನು ಫೋನಿನಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ. ಷೇರು (ಗಜಲಿನ ಎರಡು ಸಾಲಿನ ಜೋಡಿ), ಮತ್ಲಾ (ಮೊದಲ ಷೇರು), ಮಕ್ತಾ (ಕೊನೆಯ ಷೇರು), ತಖಲ್ಲುಸ್ (ಕವಿಯ ಅಂಕಿತ) ಎಲ್ಲ ನಿಮಗೆ ಗೊತ್ತು ಅಂದುಕೊಂಡಿದ್ದೇನೆ.

ನಮ್ಮ ಬ್ಯಾಂಕಿನವರ ಮೊದಲ ಗಜಲ್ ಹೆಚ್ಚುಕಮ್ಮಿ ಹೀಗಿದೆ. (ಅವರ ಸಾಲನ್ನೇ ಕೊಟ್ಟರೆ ಬೇಜಾರಾಗಬಹುದು. ಅದೇ ಅಚ್ಚಿನಲ್ಲಿ ನಾನೇ ಎರಕ ಹೊಯ್ದಿದ್ದೇನೆ.)

ನಿನ್ನ ನೆನಪಲ್ಲಿ ರಾತ್ರಿಯೆಲ್ಲ ಅಳುತ್ತಿರುವೆ ಗೆಳತಿ
ಕಣ್ಣೀರ ಎಣ್ಣೆಯಲಿ ದೀಪ ಹಚ್ಚಿರುವೆ ಗೆಳತಿ

"ಗೆಳತಿ" ರದೀಫ್. ಎರಡೂ ಸಾಲಿನ ಕೊನೆಗೆ ಹಾಗೇ ಬಂದಿದೆ, ಸರಿ. ಅದರ ಹಿಂದಿನ ಮಾತು ಕಾಫಿಯಾ ಆಗಬೇಕು. ಅಲ್ಲಿ ಏನಿದೆ? ಅಳುತ್ತಿರುವೆ, ಹಚ್ಚಿರುವೆ. "ಇರುವೆ, ಇರುವೆ ಸೇರುತ್ತಲ್ಲ ಸರ" ಅಂತಾರೆ. ಸೇರುವುದು ವ್ಯಾಕರಣ, ಪ್ರಾಸ ಅಲ್ಲ. ಆ "ಇರುವೆ"ಯನ್ನು ಕನ್ನಡದ ಯಾವ ಕ್ರಿಯಾಪದಕ್ಕೆ ಬೇಕಾದರೂ ಅಂಟಿಸಬಹುದು. ಕಿತ್ತು ನೋಡಿ. ಉಳಿಯುವುದು ಅಳು ಮತ್ತು ಹಚ್ಚು. ಅಳುಗೂ ಹಚ್ಚುಗೂ ಏನು ಸಂಬಂಧ?

ರದೀಫ್ ಅರಬ್ಬಿ ಪದ. ಕುದುರೆಯ ಮೇಲೆ ಸವಾರನ ಬೆನ್ನಿಗೆ ಕೂರುವವನು ಅಂತ ಅರ್ಥ. ಈಗಿನ ಲೆಕ್ಕದಲ್ಲಿ ಬೈಕಿನ ಹಿಂದಿನ ಸೀಟಿನವನು. ಬೈಕ್ ಓಡಿಸುವವನು ಕಾಫಿಯಾ. ಪ್ರತಿ ಷೇರಿಗೂ ಸವಾರ ಬದಲಾಗುತ್ತಾನೆ, ಹಿಂದೆ ಕೂತವನು ಮಾತ್ರ ಅವನೇ. ಬದಲಾಗುವ ಸವಾರರೆಲ್ಲ ಅಣ್ಣತಮ್ಮಂದಿರು, ಮೂಗು ಒಂದೇ ಥರ ಇರಬೇಕು. ಸವಾರನೊಬ್ಬನೇ ಬೈಕಿನಲ್ಲಿ ಹೋಗಬಹುದು. ಅಂದರೆ ರದೀಫ್ ಇಲ್ಲದ ಗಜಲ್ ಇರಬಹುದು, ಫಾರ್ಸಿಯಲ್ಲಿ ಬೇಕಾದಷ್ಟಿವೆ. ಆದರೆ ಹಿಂದಿನ ಸೀಟಿನವನೊಬ್ಬನೇ ಹೋಗೋಕೆ ಆಗಲ್ಲ. ನನ್ನ ಮೇಜಿನ ಮೇಲಿನ ನೂರಾ ಒಂದು ಬೈಕುಗಳಲ್ಲಿ ತೊಂಬತ್ತು ಹಾಗೇ ನಿಂತಿವೆ, ಹಿಂದೆ ಗೆಳತಿ ಕಾಯುತ್ತಾ ಕೂತಿದ್ದಾಳೆ.

ಈಗ ಅಸಲಿ ಮಾಲು ನೋಡೋಣ. ಇದು ಇರಾನಿನ ಶಿರಾಜ್ ಊರಿನ ಕವಿ ಹಾಫಿಜ್‌ನದು, 14ನೇ ಶತಮಾನದ್ದು. ಈ ಗಜಲ್ ಬಗ್ಗೆ ನಮ್ಮೂರಿಗೆ ಸೇರಿದ ಒಂದು ಕಥೆಯೂ ಇದೆ, ಆಮೇಲೆ ಹೇಳುತ್ತೇನೆ.

ದಮೀ ಬಾ ಗಮ್ ಬ ಸರ್ ಬುರ್ದನ್ ಜಹಾನ್ ಯಕ್‌ಸರ್ ನಮೀ ಅರ್ಜದ್
ಬ ಮೈ ಬಫ್ರೋಶ್ ದಲ್ಕೇ ಮಾ ಕಜೀನ್ ಬೆಹ್ತರ್ ನಮೀ ಅರ್ಜದ್

ಒಂದು ಗಳಿಗೆ ದುಃಖದಲ್ಲಿ ಕಳೆಯುವುದಕ್ಕೆ ಇಡೀ ಜಗತ್ತೇ ಬೆಲೆಯಾಗಿ ಬಂದರೂ ಸಾಲದು; ನಮ್ಮ ಈ ತೇಪೆ ಹಾಕಿದ ಜೋಗಿ ಅಂಗಿಯನ್ನು ಮದ್ಯಕ್ಕೆ ಮಾರಿಬಿಡು, ಅದಕ್ಕಿಂತ ಹೆಚ್ಚು ಬೆಲೆ ಅದಕ್ಕಿಲ್ಲ. "ನಮೀ ಅರ್ಜದ್" ಅಂದರೆ "ಬೆಲೆ ಬಾಳದು". ಅದು ರದೀಫ್. ಅದರ ಹಿಂದೆ ಯಕ್‌ಸರ್, ಬೆಹ್ತರ್. ಮುಂದಿನ ಷೇರುಗಳಲ್ಲಿ ಸಾಗರ್ (ಮದ್ಯದ ಬಟ್ಟಲು), ದರ್ (ಬಾಗಿಲು), ಸರ್ (ತಲೆ), ಗೌಹರ್ (ಮುತ್ತು). ಎಲ್ಲದರ ಕೊನೆಗೂ "ಅರ್", ಆದರೆ ಬಟ್ಟಲಿಗೂ ಬಾಗಿಲಿಗೂ ತಲೆಗೂ ಮುತ್ತಿಗೂ ಅರ್ಥದಲ್ಲಿ ನೆಂಟಸ್ತಿಕೆ ಇಲ್ಲ. ಮಜಾ ಇರುವುದೇ ಅಲ್ಲಿ. ಕೇಳುವವನಿಗೆ "ಬೆಲೆ ಬಾಳದು" ಬರುತ್ತೆ ಅಂತ ಗೊತ್ತು. ಈ ಸಲ ಯಾವುದು ಬೆಲೆ ಬಾಳದು ಅಂತ ಗೊತ್ತಿಲ್ಲ. ಕೂತವರು ಕಾಯುವುದು ಆ ಒಂದು ಮಾತಿಗೆ. ಕಾಫಿಯಾ ಬಿದ್ದ ಕೂಡಲೇ ರದೀಫನ್ನು ಸಭೆಯೇ ಒಟ್ಟಿಗೆ ಹೇಳಿಬಿಡುತ್ತೆ. ಕಾಫಿಯಾ ಇಲ್ಲದಿದ್ದರೆ ಕಾಯೋಕೆ ಏನಿದೆ ಹೇಳಿ?

"ಬೆಹ್ತರ್‌ನಲ್ಲಿ ತರ್ ಪ್ರತ್ಯಯ ಅಲ್ವಾ ಸರ್?" ಅಂತ ಒಮ್ಮೆ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಹೌದು, ಪ್ರತ್ಯಯವೇ. ಬೆಹ್ ಅಂದರೆ ಒಳ್ಳೆಯದು, ಬೆಹ್ತರ್ ಅಂದರೆ ಅದಕ್ಕಿಂತ ಒಳ್ಳೆಯದು. ಆದರೆ ಜೋಡಿಗೆ ನಿಂತಿರುವುದು ಇನ್ನೊಂದು "ತರ್" ಅಲ್ಲ. ಬೆಹ್ತರ್ ಎದುರಿಗೆ ಬದ್‌ತರ್ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. ಈ ತಪ್ಪಿಗೆ ಫಾರ್ಸಿ ಪಂಡಿತರು "ಈತಾ" ಅಂತ ಹೆಸರೇ ಇಟ್ಟಿದ್ದಾರೆ. ಅದರಲ್ಲಿ ಎರಡು ಬಗೆ. ಸಿತಮ್‌ಗರ್ (ಪೀಡಿಸುವವನು), ಅಫ್ಸೂನ್‌ಗರ್ (ಮಾಟಗಾರ) ಅಂತ ಜೋಡಿಸಿದರೆ ಅದು ಎದ್ದು ಕಾಣುವ ಈತಾ. "ಗರ್" ನಮ್ಮ "ಗಾರ" ಇದ್ದ ಹಾಗೆ. ಮೋಸಗಾರ, ಹಾಡುಗಾರ ಅಂತ ಪ್ರಾಸ ಮಾಡಿದಂತೆ. ದಾನಾ, ಬೀನಾ ಅಂತ ಜೋಡಿಸಿದರೆ ಅಡಗಿದ ಈತಾ. ಬಲ್ಲವನು, ಕಾಣುವವನು. ಅಲ್ಲೂ ಕೊನೆಯ "ಆ" ಪ್ರತ್ಯಯವೇ, ಆದರೆ ಬೆರೆತು ಹೋಗಿರುವುದರಿಂದ ಗೊತ್ತಾಗಲ್ಲ. ಇದನ್ನು ಅವರು ಅಷ್ಟಾಗಿ ಬೈಯಲಿಲ್ಲ.

ಹಾಗಾದರೆ ಪ್ರತ್ಯಯ ಬರಲೇಬಾರದಾ? ಬರಬಹುದು. ಹಾಫಿಜ್‌ನ ದೀವಾನಿನ (ಕವನ ಸಂಗ್ರಹದ) ಮೊದಲ ಗಜಲ್‌ನಲ್ಲೇ ಮುಶ್ಕಿಲ್‌ಹಾ, ಮಹ್ಮಿಲ್‌ಹಾ, ಮಂಜಿಲ್‌ಹಾ, ಸಾಹಿಲ್‌ಹಾ ಅಂತ ಬರುತ್ತೆ. "ಹಾ" ಅಂದರೆ ನಮ್ಮ "ಗಳು". ಕಿತ್ತು ಹಾಕಿ ನೋಡಿ: ಮುಶ್ಕಿಲ್, ಮಹ್ಮಿಲ್, ಮಂಜಿಲ್, ಸಾಹಿಲ್. ಗೋಡೆ ನಿಂತೇ ಇದೆ. ನಮ್ಮವರು "ಕನಸುಗಳು, ಮರಗಳು" ಅಂತ ಬರೆದು ಗಳು-ಗಳು ಸೇರಿತು ಅಂದುಕೊಳ್ಳುತ್ತಾರೆ. ಗಳು ತೆಗೆದರೆ ಕನಸು, ಮರ. ಬರೀ ಬಯಲು.

ಈ ಪರೀಕ್ಷೆ ಒಂದನ್ನು ಮಾಡಿ ಸಾಕು. ಮೊದಲು ರದೀಫ್ ಮುಚ್ಚಿ. ಆಮೇಲೆ ಪ್ರತ್ಯಯ ಮುಚ್ಚಿ. ಉಳಿದದ್ದನ್ನು ಜೋರಾಗಿ ಓದಿ. ಕಿವಿಗೆ ಸೇರಿದರೆ ಕಾಫಿಯಾ ಇದೆ. ಪೆನ್ಸಿಲ್ ಬೇಡ, ಹೆಬ್ಬೆರಳು ಸಾಕು.

ಕನ್ನಡದಲ್ಲಿ ಇದು ಆಗಲ್ಲ ಅನ್ನುವವರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ:

ಊರ ಮುಂದಿನ ಆಲಕ್ಕೆ ಬೇರು ಇಲ್ಲ ಈಗ
ಜಾತ್ರೆ ಉಂಟು, ಎಳೆಯಲು ತೇರು ಇಲ್ಲ ಈಗ

ಕಾವ್ಯ ಅಂತ ಹೇಳಲ್ಲ, ಕರಿಹಲಗೆಗೆ ಬರೆದದ್ದು. ಬೇರು, ತೇರು. ಮುಂದಕ್ಕೆ ಸೇರು ಇದೆ, ಜೋಳ ಅಳೆಯುವುದು. ಹೇರು ಇದೆ, ಎತ್ತಿನ ಮೇಲಿನದು. ನೀರು, ಊರು ಬೇಡ. ಫಾರ್ಸಿ ಲೆಕ್ಕದಲ್ಲಿ ಹಿಂದಿನ ಸ್ವರವೂ ಸೇರಬೇಕು. ಕನ್ನಡದವರು ಸ್ವಲ್ಪ ಸಡಿಲ ಮಾಡಿಕೊಳ್ಳುತ್ತೇವೆ ಅಂದರೆ ನನ್ನ ಜಗಳ ಇಲ್ಲ. ರಾಯಚೂರಿನ ಶಾಂತರಸರು ಕನ್ನಡಕ್ಕೆ ಗಜಲ್ ದಾರಿ ಮಾಡಿಕೊಟ್ಟ ಮೇಲೆ ಇಲ್ಲಿ ತನ್ನದೇ ಪದ್ಧತಿ ಬೆಳೆಯುತ್ತಿದೆ, ಬೆಳೆಯಲಿ. ನಿಯಮ ಗೊತ್ತಿದ್ದು ಮುರಿದರೆ ನಾನು ಸುಮ್ಮನಿರುತ್ತೇನೆ.

ನಮಗೆ ಇದು ಯಾಕೆ ತಪ್ಪುತ್ತೆ ಅಂತ ಯೋಚಿಸಿದ್ದೇನೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ತಲೆಯಲ್ಲಿತ್ತು, ಎರಡನೇ ಅಕ್ಷರದಲ್ಲಿ. ಕಿವಿ ಅಲ್ಲಿ ಪಳಗಿತು. ಫಾರ್ಸಿಯದು ಬಾಲದ ಕಡೆ, ಆದರೆ ಬಾಲದ ತುದಿಯಲ್ಲಲ್ಲ, ತುದಿಗಿಂತ ಒಂದು ಗೇಣು ಹಿಂದೆ. ಆ ಒಂದು ಗೇಣು ಕಾಣಿಸಲ್ಲ. ಮಜಾ ಏನೆಂದರೆ ರದೀಫ್ ನಮಗೆ ಬಲು ಸುಲಭ. ಫಾರ್ಸಿಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ. ಅದನ್ನೇ ರದೀಫ್ ಮಾಡಿದರೆ ಸಾಲು ತಾನಾಗಿ ಮುಗಿಯುತ್ತೆ. ಅರಬ್ಬಿಯ ಹಳೆಯ ಕಾವ್ಯದಲ್ಲಿ ಕಾಫಿಯಾ ಇತ್ತು, ರದೀಫ್ ಇರಲಿಲ್ಲ. ಅದು ಫಾರ್ಸಿಯವರ ಸೇರ್ಪಡೆ.

ಇನ್ನೊಂದು ಮಾತು. ಫಾರ್ಸಿಯ ಪ್ರಕಾರಗಳನ್ನು ಜನ ಸಾಲು ಎಣಿಸಿ ಗುರುತಿಸುತ್ತಾರೆ. ನಾಲ್ಕು ಸಾಲಿದ್ದರೆ ರುಬಾಯಿ, ಎರಡಿದ್ದರೆ ಗಜಲ್ ಅಂತ. ಹಾಗಲ್ಲ. ಕಾಫಿಯಾ ಎಲ್ಲಿ ಬೀಳುತ್ತೆ ಅಂತ ನೋಡಬೇಕು. ಮಸ್ನವಿ ಅನ್ನುವ ಪ್ರಕಾರದಲ್ಲಿ ಪ್ರತಿ ಬೈತಿಗೂ (ಎರಡು ಸಾಲಿನ ಜೋಡಿಗೂ) ಬೇರೆ ಕಾಫಿಯಾ. ಹಾಗಾಗಿಯೇ 1010ರ ಸುಮಾರಿಗೆ ಫಿರ್ದೌಸಿ ಇರಾನಿನ ರಾಜರ ಮಹಾಕಾವ್ಯ ಷಾಹನಾಮೆಯನ್ನು ಹೆಚ್ಚುಕಮ್ಮಿ 50,000 ಬೈತಿನವರೆಗೆ ಎಳೆದು ಮುಗಿಸಲು ಆಯಿತು. ಒಂದೇ ಕಾಫಿಯಾ ಹಿಡಿದಿದ್ದರೆ ನೂರು, ನೂರೈವತ್ತಕ್ಕೆ ನಿಘಂಟು ಕೈಯೆತ್ತುತ್ತಿತ್ತು. ಕಸೀದಾದಲ್ಲಿ (ಹೊಗಳಿಕೆಯ ಪದ್ಯದಲ್ಲಿ) ಒಂದೇ ಕಾಫಿಯಾ, ಉದ್ದಕ್ಕೆ. ದೊರೆಯ ಮುಂದೆ ಕವಿ ತೋಳು ತೋರಿಸುವ ಜಾಗ ಅದು. ಗಜಲ್ ಅದೇ ಕಟ್ಟು, ಗಿಡ್ಡ. ರುಬಾಯಿಯಲ್ಲಿ ಸಾಮಾನ್ಯವಾಗಿ ಒಂದು, ಎರಡು, ನಾಲ್ಕನೇ ಸಾಲು ಸೇರುತ್ತವೆ, ಮೂರನೆಯದು ಒಂಟಿ. ಆ ಮೂರನೇ ಸಾಲಿನಲ್ಲಿ ಉಸಿರು ಬಿಗಿಹಿಡಿದು ನಾಲ್ಕರಲ್ಲಿ ಬಿಡುತ್ತಾರೆ. ಅದರ ಛಂದಸ್ಸೂ ಬೇರೆ. ನಾಲ್ಕು ಸಾಲಿನದೆಲ್ಲ ರುಬಾಯಿ ಆಗಲ್ಲ.

ಛಂದಸ್ಸು ಅಂದಾಗ ನೆನಪಾಯಿತು. ಮೇಲಿನ ಹಾಫಿಜ್ ಸಾಲನ್ನು ಲಘು ಗುರು ಹಾಕಿ ನೋಡಿ. ಒಂದು ಲಘು, ಮೂರು ಗುರು. ಹಾಗೆ ನಾಲ್ಕು ಸಲ. ದ-ಮೀ-ಬಾ-ಗಮ್, ಬ-ಸರ್-ಬುರ್-ದನ್. ಕನ್ನಡದವರಿಗೆ ಇದು ಹೊಸದೇನಲ್ಲ, ನಮ್ಮ ಅಕ್ಷರವೃತ್ತದ ಲೆಕ್ಕವೇ. ಇದರ ಬಗ್ಗೆ ಇನ್ನೊಮ್ಮೆ.

ಕಾಫಿಯಾ ಬೇಕೇ ಬೇಕು ಅಂತ ಒತ್ತಿ ಹೇಳಿದಾಗ ಕೆಲವರು ಫಾರ್ಸಿ ಕವಿ ರೂಮಿಯನ್ನು ಸಾಕ್ಷಿಗೆ ಕರೆಯುತ್ತಾರೆ. "ಕಾಫಿಯಾ ಬಿಟ್ಹಾಕು ಅಂತ ರೂಮಿನೇ ಹೇಳ್ಯಾನಲ್ಲ ಸರ." ಹೇಳಿದ್ದಾನೆ, "ಮಸ್ನವಿ" ಅಂತಲೇ ಹೆಸರಾದ ತನ್ನ ಗ್ರಂಥದಲ್ಲಿ. ನಾನು ಕಾಫಿಯಾ ಯೋಚಿಸುತ್ತಾ ಕೂತರೆ ನನ್ನ ನಲ್ಲ "ನನ್ನ ನೋಟ ಬಿಟ್ಟು ಬೇರೇನೂ ಯೋಚಿಸಬೇಡ" ಅನ್ನುತ್ತಾನೆ, ಅಂತ. ಆ ಎರಡು ಸಾಲಿನ ಕೊನೆ ಏನು ಗೊತ್ತಾ? ಒಂದರದು "ದಿಲ್‌ದಾರೆ ಮನ್", ಇನ್ನೊಂದರದು "ದೀದಾರೆ ಮನ್". ಮನ್ ರದೀಫ್. ದಿಲ್‌ದಾರ್, ದೀದಾರ್ ಕಾಫಿಯಾ. ಕಾಫಿಯಾ ಬೇಡ ಅನ್ನುವುದಕ್ಕೂ ಅವನಿಗೆ ಕಾಫಿಯಾ ಬೇಕಾಯಿತು. ಇನ್ನೊಂದು ಕಡೆ "ಮುಫ್ತಇಲುನ್ ಮುಫ್ತಇಲುನ್ ಮುಫ್ತಇಲುನ್ ನನ್ನ ಕೊಂದಿತು" ಅಂತ ಛಂದಸ್ಸಿನ ಮೇಲೆ ಗೋಳಾಡುತ್ತಾನೆ (ಮುಫ್ತಇಲುನ್ ಅಂದರೆ ಒಂದು ಗಣದ ಹೆಸರು). ಆ ಗೋಳೂ ಅದೇ ಛಂದಸ್ಸಿನಲ್ಲಿದೆ.

ಈಗ ಹಾಫಿಜ್‌ನ "ನಮೀ ಅರ್ಜದ್" ಗಜಲ್‌ಗೆ ಅಂಟಿಕೊಂಡ ನಮ್ಮೂರಿನ ಕಥೆ. ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಷಾ (ಆಳಿದ್ದು 1378ರಿಂದ 1397) ಕಲಬುರಗಿಗೆ ಬಾ ಅಂತ ಹಾಫಿಜ್‌ಗೆ ಕರೆ ಕಳಿಸಿದನಂತೆ. ದಾರಿ ಖರ್ಚಿಗೆ ದುಡ್ಡು ಕಳಿಸಿದವನು ಸುಲ್ತಾನನ ಆಸ್ಥಾನದ ಮೀರ್ ಫಜಲುಲ್ಲಾ ಇಂಜು. ಅದರಲ್ಲಿ ಸ್ವಲ್ಪ ಮನೆಯವರಿಗೆ, ಸ್ವಲ್ಪ ಸಾಲಗಾರರಿಗೆ ಹೋಯಿತು. ಉಳಿದದ್ದನ್ನು ದಾರಿಯಲ್ಲಿ ದೋಚಿಸಿಕೊಂಡು ನಿಂತಿದ್ದ ಗೆಳೆಯನಿಗೆ ಕೊಟ್ಟ. ವ್ಯಾಪಾರಿಗಳ ನೆರವಿನಿಂದ ಹೇಗೋ ಹೊರ್ಮುಜ್ ಬಂದರಿಗೆ ಬಂದು ಹಡಗು ಹತ್ತಿದ. ಹೊರಡುವ ಮೊದಲೇ ಬಿರುಗಾಳಿ. ಹೆದರಿ, ಏನೋ ನೆಪ ಹೇಳಿ ಇಳಿದವನು ಶಿರಾಜಿಗೆ ವಾಪಸ್ ಹೋಗಿ ಈ ಗಜಲ್ ಕಳಿಸಿಕೊಟ್ಟನಂತೆ. ಲಾಭದ ಆಸೆಗೆ ಕಡಲಿನ ಕಷ್ಟ ಮೊದಲು ಸುಲಭ ಅನ್ನಿಸಿತ್ತು, ತಪ್ಪಾಯಿತು, ನೂರು ಮುತ್ತು ಕೊಟ್ಟರೂ ಈ ಬಿರುಗಾಳಿ "ನಮೀ ಅರ್ಜದ್" ಅಂತ ಅದರಲ್ಲೊಂದು ಷೇರಿದೆ. ಸುಲ್ತಾನನ ಕಿರೀಟದ ಬಗ್ಗೆಯೂ ಇದೆ: ಚೆಂದದ ಟೋಪಿಯೇ, ಆದರೆ ತಲೆ ಕಳೆದುಕೊಳ್ಳುವಷ್ಟು ಬೆಲೆ ಬಾಳದು. ಸುಲ್ತಾನನಿಗೇ ಇದನ್ನು ಕಳಿಸಿದ ಧೈರ್ಯ ನೋಡಿ!

ಕಥೆ ಬರೆದಿಟ್ಟವನು ಇತಿಹಾಸಕಾರ ಫರಿಷ್ತಾ, 17ನೇ ಶತಮಾನದ ಆರಂಭದಲ್ಲಿ, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು. ಅಂದರೆ ಇನ್ನೂರು ವರ್ಷ ಕಳೆದ ಮೇಲೆ. ಹಾಗಾಗಿ ಕಣ್ಣಾರೆ ಕಂಡಂತೆ ನಾನೂ ಹೇಳಲ್ಲ, ನೀವೂ ಮುನ್ನುಡಿಯಲ್ಲಿ ಹಾಗೆ ಬರೆಯಬೇಡಿ. ಗಜಲ್ ಮಾತ್ರ ಇದೆ.

ನನ್ನದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಹಿಂದೊಮ್ಮೆ ಬರೀ ಮತ್ಲಾಗಳನ್ನು ಓದಿ ಒಂದು ಪುಸ್ತಕಕ್ಕೆ ಮುನ್ನುಡಿ ಬರೆದುಕೊಟ್ಟೆ. ಮತ್ಲಾ ಎಲ್ಲ ಚೆನ್ನಾಗಿದ್ದವು. ಎರಡನೇ ಷೇರಿನಿಂದ ಕಾಫಿಯಾ ಮಾಯವಾಗಿತ್ತು. ಓದುಗರೊಬ್ಬರು ಕಾರ್ಡು ಬರೆದರು: "ಮುನ್ನುಡಿಯಲ್ಲಿ ಹೊಗಳಿದ ಕಾಫಿಯಾ ಯಾವ ಪುಟದಲ್ಲಿದೆ, ದಯವಿಟ್ಟು ತಿಳಿಸಿ." ಆ ಕಾರ್ಡು ಇನ್ನೂ ಮೇಜಿನ ಗಾಜಿನ ಕೆಳಗಿದೆ.

ಬ್ಯಾಂಕಿನವರಿಗೆ ಇದೆಲ್ಲ ಹೇಳಿ, ಹಸ್ತಪ್ರತಿ ವಾಪಸ್ ಕೊಟ್ಟೆ. ಮುಖ ಸಣ್ಣದಾಯಿತು, ಆದರೂ ತಗೊಂಡು ಹೋದರು. ಮೊನ್ನೆ ರಾತ್ರಿ ಒಂಬತ್ತಕ್ಕೆ ಫೋನ್.

"ಸರ, ನಿಮ್ಮ ಆಲದ ಮರದ ಗಜಲ್ ಮುಂದುವರಿಸ್ಲಿಕ್ಕತ್ತೀನಿ. ಕೇರು ಬರ್ತದೇನ್ರಿ? ಮೊರದಾಗ ಕೇರೋದು."

"ಕಾಫಿಯಾಕ್ಕೆ ಬರ್ತದ. ಆದರ 'ಕೇರು ಇಲ್ಲ ಈಗ' ಅಂದ್ರ ಏನರ್ಥ ಆಗ್ತದ? ಅದು ಕ್ರಿಯಾಪದ ಅಲ್ಲೇನು?"

ಸ್ವಲ್ಪ ಹೊತ್ತು ಸದ್ದಿಲ್ಲ. ಕಾಗದ ತಿರುವುವುದು ಕೇಳಿಸಿತು.

"ಹಂಗಾದ್ರ ಗೇರು?"

"ಕಲಬುರಗಿಯಾಗ ಗೇರು ಯಾವಾಗ ಇತ್ತ್ರೀ, ಈಗ ಇಲ್ಲ ಅನ್ನಲಿಕ್ಕೆ?"