ಪದ ಪರಿಚಯ: ರೆಸಿನ್ ಪಾರ್ಟ್

ಪ್ಲಾಸ್ಟಿಕ್ ಕಿಟ್ ತಂದು ಯುದ್ಧವಿಮಾನದ ಮಾಡೆಲ್ ಕಟ್ಟುವವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಕಿಟ್ ಡಬ್ಬದಲ್ಲಿ ಇರುವುದಕ್ಕಿಂತ ಚೆನ್ನಾಗಿರುವ ಬಿಡಿಭಾಗವನ್ನು ಬೇರೆಯಾಗಿ ಕೊಂಡು ಹಾಕುತ್ತಾರೆ. ಅದನ್ನು ಮಾಡುವುದು ರೆಸಿನ್‌ನಿಂದ, ಅಂದರೆ ದ್ರವವಾಗಿ ಸುರಿದು ಗಟ್ಟಿಯಾಗಿಸುವ ಪ್ಲಾಸ್ಟಿಕ್‌ನಿಂದ. ಪೈಲಟ್ ಕೂರುವ ಇಜೆಕ್ಷನ್ ಸೀಟು, ಇಡೀ ಕಾಕ್‌ಪಿಟ್, ಚಕ್ರ, ಎಂಜಿನ್ ನಾಝಲ್ (ಬಾಲದಲ್ಲಿ ಬಿಸಿ ಗಾಳಿ ಹೊರಹೋಗುವ ಬಾಯಿ), ಬಾಂಬು, ಕ್ಷಿಪಣಿ ಎಲ್ಲವೂ ಸಿಗುತ್ತವೆ. ಝೆಕ್ ದೇಶದ ಎಡುವಾರ್ಡ್, ಐರೆಸ್ ಕಂಪನಿಗಳು ಇದರಲ್ಲಿ ಹೆಸರು ಮಾಡಿವೆ.

ಕಿಟ್‌ನಲ್ಲೇ ಚೆನ್ನಾಗಿ ಕೊಡಬಾರದೇ? ಕೊಡುವುದು ಕಷ್ಟ. ಕಿಟ್ ತಯಾರಾಗುವುದು ಉಕ್ಕಿನ ಅಚ್ಚಿನಲ್ಲಿ. ಇಡ್ಲಿ ತಟ್ಟೆ ನೋಡಿ: ಗುಳಿಯ ಬಾಯಿ ಅಗಲ, ತಳ ಕಿರಿದು. ಅದಕ್ಕೇ ಇಡ್ಲಿ ಮುರಿಯದೆ ಎದ್ದು ಬರುತ್ತದೆ. ಪ್ಲಾಸ್ಟಿಕ್ ಭಾಗವೂ ಹಾಗೇ ಅಚ್ಚಿನಿಂದ ನೇರವಾಗಿ ಹೊರಗೆ ಬರಬೇಕು. ಸೀಟಿನ ಬೆಲ್ಟಿನ ಮಡಿಕೆ, ದಿಂಬಿನ ಕೆಳಗಿನ ಸಂದು ಅಲ್ಲಿ ಮೂಡುವುದು ಕಷ್ಟ. ರೆಸಿನ್‌ಗೆ ಬಳಸುವುದು ಸಿಲಿಕೋನ್ ರಬ್ಬರ್ ಅಚ್ಚು. ಎರಡು ದ್ರವ ಬೆರೆಸಿದ ಪಾಲಿಯುರೆಥೇನ್ ಅದರೊಳಗೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ರಬ್ಬರ್ ಬಾಗುತ್ತದೆ, ಹಾಗಾಗಿ ಒಳಗಿನ ಸಂದುಗೊಂದುಗಳೂ ಉಳಿಯುತ್ತವೆ. ಆದರೆ ಆ ಅಚ್ಚು ಬೇಗ ಸವೆಯುತ್ತದೆ, ಕೆಲಸವೂ ಹೆಚ್ಚಾಗಿ ಕೈಯಿಂದಲೇ. ಬೆಲೆ ಜಾಸ್ತಿ ಇರುವುದು ಅದಕ್ಕೆ.

ಹೊಸ ಪಾರ್ಟ್ ಕೈಗೆ ಬಂದಾಗ ಅದರ ಬುಡದಲ್ಲಿ ದಪ್ಪನೆಯ ಒಂದು ದಿಮ್ಮಿ ಇರುತ್ತದೆ. ರೆಸಿನ್ ಸುರಿದ ದಾರಿ ಅದು, ಕತ್ತರಿಸಿ ಬಿಸಾಡಬೇಕು. ಸಣ್ಣ ಹಲ್ಲಿನ ಗರಗಸ ಹಿಡಿದು ನಿಧಾನಕ್ಕೆ ಕೊಯ್ಯಿರಿ, ಕಟ್ಟರ್ ಹಾಕಿ ಒತ್ತಿದರೆ ಪಾರ್ಟ್ ಒಡೆಯುತ್ತದೆ. ಉಳಿದದ್ದನ್ನು ಬೆಂಗಳೂರಿನ ಎಸ್‌ಪಿ ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ಮೇಲೆ ನೀರು ಹಾಕಿ ಉಜ್ಜಿ. ಒಣ ಉಜ್ಜಿದರೆ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಲೇಬೇಕು. ಇದರಲ್ಲಿ ಸಲಿಗೆ ಬೇಡ.

ಆಮೇಲೆ ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್. ಅಚ್ಚಿಗೆ ಅಂಟದಿರಲಿ ಎಂದು ಹಚ್ಚಿದ ಜಿಡ್ಡು ಪಾರ್ಟ್ ಮೇಲೆ ಇರುತ್ತದೆ, ಅದು ಹೋಗದಿದ್ದರೆ ಬಣ್ಣ ನಿಲ್ಲುವುದಿಲ್ಲ. ಕ್ಷಿಪಣಿಯ ರೆಕ್ಕೆ ಸೊಟ್ಟಗಿದ್ದರೆ ಬಿಸಿ ನೀರಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ. ಕಿಟ್ ಅಂಟಿಸುವ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ರೆಸಿನ್ ಅದಕ್ಕೆ ಕರಗುವುದಿಲ್ಲ. ಇಲ್ಲಿ ಫೆವಿಕ್ವಿಕ್ ಜಾತಿಯ ಅಂಟೋ ಎಪಾಕ್ಸಿಯೋ ಬೇಕು.

ರೆಸಿನ್ ಕಾಕ್‌ಪಿಟ್ ಕಿಟ್‌ನದಕ್ಕಿಂತ ದಪ್ಪ. ವಿಮಾನದ ಹೊಟ್ಟೆಯ ಒಳಗೋಡೆಯನ್ನು ತೆಳ್ಳಗೆ ಕೆರೆಯದೆ ಎರಡು ಭಾಗ ಮುಚ್ಚುವುದೇ ಇಲ್ಲ. ಅಂಟು ಹಾಕುವ ಮೊದಲು ಹತ್ತು ಸಲ ಸುಮ್ನೆ ಜೋಡಿಸಿ ನೋಡಬೇಕು. ತೂಕವೂ ಜಾಸ್ತಿ. ಬಾಲದಲ್ಲಿ ರೆಸಿನ್ ನಾಝಲ್ ಕೂರಿಸಿದರೆ ಮೂಗು ಮೇಲೆದ್ದು ಬಾಲ ಮೇಜಿಗೆ ಬಡಿಯುತ್ತದೆ. ಮೂಗಿನೊಳಗೆ ಸೀಸದ ಚೂರು ಹಾಕಿ ಸರಿಮಾಡುತ್ತಾರೆ.

ಇನ್ನು ಬಣ್ಣ. ಖರ್ಚು ಮಾಡಿದ್ದು ಕಣ್ಣಿಗೆ ಕಾಣುವುದು ಇಲ್ಲೇ. 1/72 ಅಳತೆಯಲ್ಲಿ, ಅಂದರೆ ನಿಜವಾದದ್ದರ ಎಪ್ಪತ್ತೆರಡನೇ ಒಂದು ಪಾಲಿನಲ್ಲಿ, ನಾಲ್ಕೂವರೆ ಸೆಂಟಿಮೀಟರ್ ಅಗಲದ ಬೆಲ್ಟ್ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು ಅಷ್ಟೆ. ಅಷ್ಟು ಸಣ್ಣದರ ಮೇಲೆ ಕೋಣೆಯ ಬೆಳಕು ಕಣ್ಣಿಗೆ ಎದ್ದು ಕಾಣುವಷ್ಟು ನೆರಳು ಬೀಳಿಸುವುದಿಲ್ಲ, ನೆರಳನ್ನು ನಾವೇ ಬಳಿಯಬೇಕು. ಮೊದಲು ಪ್ರೈಮರ್. ಸೀಟಿಗೆ ಕಪ್ಪು ಬೇಡ, ಕಡು ಬೂದು ಹಾಕಿ. ಒಣಗಿದ ಮೇಲೆ ತೀರಾ ನೀರಾದ ಗಾಢ ಬಣ್ಣ ಬಿಟ್ಟರೆ ಅದು ತಾನೇ ಹರಿದು ಸಂದುಗಳಲ್ಲಿ ನಿಲ್ಲುತ್ತದೆ. ಇದಕ್ಕೆ ವಾಷ್ ಅನ್ನುತ್ತಾರೆ. ಕೊನೆಗೆ ಬ್ರಷ್‌ಗೆ ತಿಳಿ ಬೂದು ತಗೊಂಡು, ಪೇಪರ್ ಮೇಲೆ ಬಹುಪಾಲು ಒರೆಸಿ, ಉಳಿದ ಚೂರುಪಾರನ್ನು ಅಂಚುಗಳ ಮೇಲೆ ಸವರಿ. ಬಕಲ್, ದಿಂಬಿನ ಹೊಲಿಗೆ ಒಂದೊಂದಾಗಿ ಎದ್ದು ಕಾಣುತ್ತವೆ. ಬೆಂಗಳೂರಿನ ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಮಾಡಲು ಆತುರ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಬೆಳ್ಳಗೆ ಮಂಕು ಕಟ್ಟುತ್ತದೆ.

ಬಣ್ಣಕ್ಕೆ ಪುಸ್ತಕದ ಫೋಟೋ ಒಂದನ್ನೇ ನಂಬಬೇಡಿ. ನಮ್ಮೂರಲ್ಲೇ ಎಚ್‌ಎಎಲ್ ಮ್ಯೂಸಿಯಂ ಇದೆ. 1961ರಲ್ಲಿ ಮೊದಲು ಹಾರಿದ, ಎಚ್‌ಎಎಲ್ ಕಟ್ಟಿದ ಯುದ್ಧವಿಮಾನ ಮಾರುತ್, ಜೊತೆಗೆ ಮಿಗ್-21 ಅಲ್ಲಿ ನಿಂತಿವೆ. ಚಕ್ರದ ಟೈರು ಎಲ್ಲಿ ಬೂದು, ಎಲ್ಲಿ ಕಂದು, ನಾಝಲ್ ಯಾವ ಬಣ್ಣಕ್ಕೆ ತಿರುಗಿದೆ ಎಂದು ಹತ್ತಿರದಿಂದ ನೋಡಿ ಬನ್ನಿ. ಬಿಸಿಲು ಮಳೆಗೆ ನಿಂತ ವಿಮಾನ ಹಾರುವ ವಿಮಾನದಷ್ಟು ಫಳಫಳ ಇರುವುದಿಲ್ಲ ಎಂಬುದು ನೆನಪಿರಲಿ.

ಈಚೆಗೆ ಅಂಗಡಿಯವರು 3ಡಿ ಪ್ರಿಂಟ್ ಮಾಡಿದ್ದನ್ನೂ ರೆಸಿನ್ ಪಾರ್ಟ್ ಎಂದೇ ಕೊಡುತ್ತಾರೆ. ಅದು ಬೇರೆ ರೆಸಿನ್, ನೇರಳಾತೀತ ಬೆಳಕಿಗೆ ಗಟ್ಟಿಯಾಗುವಂಥದ್ದು. ಬುಡದಲ್ಲಿ ದಿಮ್ಮಿಯ ಬದಲು ಕೂದಲಿನಂಥ ಕಡ್ಡಿಗಳು. ವಿವರ ಇನ್ನೂ ಚೂಪು, ಆದರೆ ಬೇಗ ಮುರಿಯುತ್ತದೆ.

ಮೊದಲ ಸಲ ಕೊಳ್ಳುವವರು ಸೀಟು ಒಂದನ್ನೇ ಕೊಳ್ಳಿ. ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ತೆರೆದಿಟ್ಟರೆ ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮುಚ್ಚಿಡುವ ಎಂಜಿನ್‌ಗೆ, ಮೇಜಿನ ಕಡೆ ಮುಖ ಮಾಡಿರುವ ಚಕ್ರದ ಗೂಡಿಗೆ ಸಾವಿರಾರು ರೂಪಾಯಿ ಸುರಿಯುವುದು ನನಗಂತೂ ದಂಡ ಅನಿಸುತ್ತದೆ.