ಕಾರಿನ ಗಡಿಯಾರಕ್ಕೆ ಕೀ ಕೊಡೋದು ಯಾರು?

ಹಳೇ ಕಾರುಗಳ ಹತ್ತಿರ ಹೋಗಿ ಒಳಗೆ ಇಣುಕಿ ನೋಡಿ. ಬಣ್ಣ ಫಳಫಳ ಅಂತಿರುತ್ತದೆ, ಇಂಜಿನ್ನೂ ಓಡುತ್ತದೆ, ಗಡಿಯಾರ ಮಾತ್ರ ಎಷ್ಟೋ ಸಲ ನಿಂತಿರುತ್ತದೆ. ಮಾಡಿದವರ ಕೆಲಸ ಕಳಪೆ ಅಂತ ಅಂದುಕೊಳ್ಳಬೇಡಿ. ಅವರು ಮೊದಲಿಂದಲೂ ಗುದ್ದಾಡಿದ್ದು ಒಂದೇ ಪ್ರಶ್ನೆಯ ಜೊತೆ: ಇದಕ್ಕೆ ಕೀ ಕೊಡೋದು ಯಾರು?

ಶುರುವಿನ ಕಾರುಗಳಲ್ಲಿ ಗಡಿಯಾರವೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕೂಡ ಅದಿಲ್ಲದೆಯೇ ಮಾರಾಟವಾಯಿತು. ಬೇಕಿದ್ದವರು ಬೇರೆ ಕೊಂಡು ಹಾಕಿಸಿಕೊಳ್ಳಬೇಕು. ಕೆಲವರು ತಮ್ಮ ಜೇಬುಗಡಿಯಾರವನ್ನೇ ಹಿತ್ತಾಳೆಯ ಗೂಡಿಗೆ ಹಾಕಿ ಮುಂದಿನ ಹಲಗೆಗೆ ಸಿಕ್ಕಿಸುತ್ತಿದ್ದರು. ಆದರೆ ಅದಕ್ಕೆ ದಿನಾ ಕೀ ಕೊಡಬೇಕು, ಮರೆತರೆ ನಿಂತಿತು.

ಅದಕ್ಕೇ ಎಂಟು ದಿನದ ಗಡಿಯಾರ ಬಂತು. ಒಳಗೆ ಉದ್ದನೆಯ ಸ್ಪ್ರಿಂಗ್, ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಮರೆತರೂ ಒಂದು ದಿನ ಜಾಸ್ತಿ ಓಡುತ್ತದೆ. ಅಮೆರಿಕದ ವಾಲ್ಥಮ್ ಕಂಪನಿ ಇಂಥವನ್ನು ಕಾರಿಗೆಂದೇ ಮಾಡಿತು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಹುದುಗಿಸಿದ ಗಡಿಯಾರದ ಬೆನ್ನಿಗೆ ಕೈ ಹೋಗೋದು ಹೇಗೆ? ಇಂಗ್ಲೆಂಡಿನ ಸ್ಮಿತ್ಸ್ ಗಡಿಯಾರಗಳಲ್ಲಿ ಇದಕ್ಕೆ ಕಂಡ ಉಪಾಯ ನನಗೆ ತುಂಬಾ ಇಷ್ಟ. ಗಾಜಿನ ಸುತ್ತಲಿನ ಲೋಹದ ಅಂಚೇ ಕೀಲಿ! ಅಂಚಿನಲ್ಲಿ ಸಣ್ಣ ಸಣ್ಣ ಗೀರು, ಬೆರಳು ಜಾರುವುದಿಲ್ಲ. ಡಬ್ಬಿಯ ಮುಚ್ಚಳದ ಹಾಗೆ ಹಿಡಿದು ತಿರುಗಿಸಿದರೆ ಒಳಗೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ.

ಸ್ವಿಟ್ಜರ್ಲೆಂಡಿನ ಹೋಯರ್ ಕಂಪನಿ ಬೇರೆಯದನ್ನೇ ಯೋಚಿಸಿತು. 1911ರಲ್ಲಿ ಅದು ಪೇಟೆಂಟ್ ಪಡೆದ ‘ಟೈಮ್ ಆಫ್ ಟ್ರಿಪ್’ನಲ್ಲಿ ದೊಡ್ಡ ಮುಳ್ಳುಗಳು ಈಗೆಷ್ಟು ಗಂಟೆ ಅಂತ ತೋರಿಸಿದರೆ, ಮೇಲಿನ ಪುಟ್ಟ ಮುಳ್ಳುಗಳು ಹೊರಟು ಎಷ್ಟು ಹೊತ್ತಾಯಿತು ಅಂತ ಹೇಳುತ್ತಿದ್ದವು. ಕಾರಿಗೂ ವಿಮಾನಕ್ಕೂ ಅದೇ ಸಾಧನ.

ಆಮೇಲೆ ಕೀ ಕೊಡುವ ಕೆಲಸ ಬ್ಯಾಟರಿಗೆ ಹೋಯಿತು. ಕರೆಂಟಿನ ಗಡಿಯಾರ ಅಂದರೂ ಒಳಗೆ ಓಡುತ್ತಿದ್ದದ್ದು ಸ್ಪ್ರಿಂಗೇ. ಅದು ಸಡಿಲವಾದಾಗ ಎರಡು ಪುಟ್ಟ ಪಾಯಿಂಟ್‌ಗಳು ಒಂದಕ್ಕೊಂದು ತಾಗುತ್ತವೆ, ಕಾಯಿಲ್‌ಗೆ, ಅಂದರೆ ತಂತಿಸುರುಳಿಗೆ, ಕರೆಂಟ್ ಹರಿದು ಅದು ಅಯಸ್ಕಾಂತವಾಗುತ್ತದೆ, ‘ಟಕ್’ ಅಂತ ಒಂದು ಒದೆತ, ಸ್ಪ್ರಿಂಗ್ ಮತ್ತೆ ಬಿಗಿ. ಒಂದೆರಡು ನಿಮಿಷಕ್ಕೊಮ್ಮೆ ಇದೇ ಕತೆ. ಗಂಟೆಗೆ 60 ಮೈಲಿ ವೇಗದಲ್ಲೂ ಹೊಸ ರೋಲ್ಸ್ ರಾಯ್ಸ್‌ನಲ್ಲಿ ಕೇಳುವ ಅತಿ ದೊಡ್ಡ ಸದ್ದು ಕರೆಂಟಿನ ಗಡಿಯಾರದ್ದೇ ಅಂತ 1958ರಲ್ಲಿ ಡೇವಿಡ್ ಓಗಿಲ್ವಿ ಜಾಹೀರಾತು ಬರೆದರಲ್ವಾ, ಅದು ಈ ಕಾಲದ್ದು.

ತೊಂದರೆಯೂ ಇಲ್ಲೇ. ಪ್ರತಿ ಒದೆತಕ್ಕೂ ಕಿಡಿ ಹಾರಿ ಪಾಯಿಂಟ್‌ಗಳು ಸುಡುತ್ತಾ ಹೋಗುತ್ತವೆ. ಕಾರನ್ನು ವಾರಗಟ್ಟಲೆ ಸುಮ್ನೆ ನಿಲ್ಲಿಸಿಟ್ಟು ಬ್ಯಾಟರಿ ಇಳಿದರಂತೂ ಒದೆಯುವ ಶಕ್ತಿ ಸಾಲದೆ ಪಾಯಿಂಟ್‌ಗಳು ಅಂಟಿಕೊಂಡೇ ಉಳಿದು, ಕರೆಂಟ್ ಹರಿಯುತ್ತಲೇ ಇದ್ದು, ಕಾಯಿಲ್ ಸುಟ್ಟುಹೋಗುತ್ತದೆ. 1950ರ ದಶಕದಲ್ಲಿ ಸ್ಟೀರಿಂಗ್ ಚಕ್ರದ ನಡುವೆ ಕೂರಿಸುವ ಗಡಿಯಾರವೂ ಬಂತು, ಚಕ್ರ ತಿರುಗಿದ ಹಾಗೆ ತಾನೇ ಕೀ ತುಂಬಿಕೊಳ್ಳುವಂಥದ್ದು. ಕೊನೆಗೆ ಕರೆಂಟಿನಿಂದ ಕಂಪಿಸುವ ಹರಳು ಹೊತ್ತಿನ ಲೆಕ್ಕ ಇಡುವ ಕ್ವಾರ್ಟ್ಜ್ ಗಡಿಯಾರ ಬಂದಮೇಲೆ ಕೀ ಕೊಡುವ ಮಾತೇ ಮುಗಿಯಿತು.

ಈಗ ಹಳೇ ಗಡಿಯಾರ ಸಿಕ್ಕವರು ಒಳಗಿನದ್ದೆಲ್ಲ ಕಿತ್ತು ಕ್ವಾರ್ಟ್ಜ್ ಕೂರಿಸಿಬಿಡುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಕಾಯಿಲ್ ಸರಿಯಿದ್ದರೆ, ಎಷ್ಟೋ ಸಲ ಪಾಯಿಂಟ್‌ಗಳ ಕರಿ ಉಜ್ಜಿ, ಒಣಗಿದ ಹಳೇ ಎಣ್ಣೆ ತೆಗೆದು ಹೊಸದಾಗಿ ಒಂದೊಂದು ಹನಿ ಬಿಟ್ಟರೆ ಸಾಕಾಗುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಹಳೇ ಅಂಕಿಗಳಿದ್ದರೆ ಮಾತ್ರ ನೀವೇ ಬಿಚ್ಚಬೇಡಿ, ಅದರಲ್ಲಿ ವಿಕಿರಣ ಸೂಸುವ ಅಪಾಯಕಾರಿ ರೇಡಿಯಂ ಇರಬಹುದು; ಗೊತ್ತಿರುವ ರಿಪೇರಿಯವರಿಗೇ ಕೊಡಿ. ಅವರು ತಂತಿ ತಾಗಿಸಿದಾಗ ‘ಟಕ್’ ಅಂದರೆ, ಎರಡು ನಿಮಿಷ ಅಲ್ಲೇ ಕಾಯಿರಿ. ಇನ್ನೊಂದು ‘ಟಕ್’ ಬರಬೇಕು.