ಇಲಿಗೆ ಮೊದಲು ಸಾರ, ಆಮೇಲೆ ವಿಷ

ಮೈಸೂರಿನ ನಮ್ಮ ಲ್ಯಾಬಿಗೆ ವಾರಕ್ಕೊಬ್ಬರಾದರೂ ಸೊಪ್ಪಿನ ಚೀಲ ಹಿಡಿದು ಬರುತ್ತಾರೆ. ಹೋದ ತಿಂಗಳು ಪಾಂಡವಪುರದ ಕಡೆಯ ಆಲೆಮನೆ ಯಜಮಾನರೊಬ್ಬರು ಬಂದಿದ್ದರು. ಚೀಲದಲ್ಲಿ ನೆಲನೆಲ್ಲಿ, ಜೇಬಿನಲ್ಲಿ ತಮ್ಮನ ರಕ್ತಪರೀಕ್ಷೆಯ ರಿಪೋರ್ಟು. ಕುಡಿದು ಕುಡಿದು ತಮ್ಮನ ಲಿವರ್ ಕೆಟ್ಟಿದೆ. "ಇದು ಲಿವರ್ ಕಾಪಾಡ್ತದೆ ಅಂತ ಇಲಿ ಮ್ಯಾಲೆ ಮಾಡಿ ನೋಡವ್ರಂತಲ್ಲ ಸಾ. ಇಲಿಗೆ ಆಗದು ಮನ್ಸುಂಗೆ ಆಗಾಕಿಲ್ವಾ?"

ಆಗಬಹುದು, ಆಗದೆಯೂ ಇರಬಹುದು. ನನ್ನ ತಕರಾರು ಅದಲ್ಲ. ಎಲ್ಲರೂ ಹಾರಿಸಿಬಿಡುವುದು ಪ್ರಯೋಗದ ಸರದಿಯನ್ನು. ಸಾಮಾನ್ಯವಾಗಿ ನಾವು ಗಟ್ಟಿಮುಟ್ಟಾದ ಇಲಿಗೆ ಒಂದು ವಾರ ಸೊಪ್ಪಿನ ಸಾರ ಕುಡಿಸುತ್ತೇವೆ. ಆಮೇಲೆ ಲಿವರ್ ಕೆಡಿಸುವ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ಎಣ್ಣೆಯಲ್ಲಿ ಬೆರೆಸಿ ಕೊಡುತ್ತೇವೆ. ಮರುದಿನ ರಕ್ತ ತೆಗೆದು, ಲಿವರಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಸ್‌ಜಿಪಿಟಿ ನೋಡುತ್ತೇವೆ. ಸಾರ ಕುಡಿಯದ ಇಲಿಗಿಂತ ಕಡಿಮೆ ಏರಿದ್ದರೆ 'ಕಾಪಾಡಿತು' ಎಂದು ಬರೆಯುತ್ತೇವೆ. ಇನ್ನೊಂದು ಸಲ ಹೇಳುತ್ತೇನೆ, ಎಂ.ಫಾರ್ಮ ಹುಡುಗರೂ ವೈವಾದಲ್ಲಿ ಇಲ್ಲೇ ಎಡವುತ್ತಾರೆ: ಮೊದಲು ಸಾರ, ಆಮೇಲೆ ವಿಷ. ಮಳೆಗೆ ಮುಂಚೆ ಹುಲ್ಲುಮೆದೆಗೆ ಟಾರ್ಪಾಲು ಹೊದಿಸಿದ ಹಾಗೆ. ಯಜಮಾನರ ತಮ್ಮನದು ಆಗಲೇ ನೆನೆದು ಮುಗ್ಗಿದ ಮೆದೆ. ಅದಕ್ಕೆ ಈಗ ಟಾರ್ಪಾಲು ಎಳೆದರೆ ಏನಾಗುತ್ತದೆಂದು ರೈತರಿಗೆ ನಾನು ಹೇಳಬೇಕೆ?

ಈ ಸರದಿಯಲ್ಲಿ ಇನ್ನೊಂದು ಮೋಸವೂ ಅಡಗಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಲಿವರನ್ನು ಹಾಳುಮಾಡುವುದು ಮುಖ್ಯವಾಗಿ ಲಿವರಿನದೇ ಕೈಯಿಂದ. ಅಲ್ಲಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಮುರಿದು, ಸಿಕ್ಕಿದ್ದನ್ನು ಕೆಡಿಸುವ ಚುರುಕು ಕಣ, ಅಂದರೆ ಫ್ರೀ ರ‍್ಯಾಡಿಕಲ್ ಮಾಡುತ್ತದೆ, ಆ ರ‍್ಯಾಡಿಕಲ್ ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತದೆ. ಸೊಪ್ಪು ಆ ಕಿಣ್ವವನ್ನೇ ಸುಮ್ಮನಾಗಿಸಿದರೆ ರ‍್ಯಾಡಿಕಲ್ ಹುಟ್ಟುವುದೇ ಕಡಿಮೆ. ಗ್ರಾಫು ಚೆನ್ನಾಗಿ ಬರುತ್ತದೆ, ಆದರೆ ಪೆಟ್ಟು ತಿಂದ ಲಿವರಿಗೆ ಸೊಪ್ಪು ಏನು ಮಾಡಿತು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ರ‍್ಯಾಡಿಕಲ್ ತಣಿಸುವ ಶಕ್ತಿಯನ್ನು ಗಾಜಿನ ನಳಿಕೆಯಲ್ಲಿ ಅಳೆಯುವ ಪರೀಕ್ಷೆಯೊಂದಿದೆ; ಅದರಲ್ಲಿ ಸೊಪ್ಪಿನ ಸಾರ ಹಾಕಿದಾಗ ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣದ ನೇರಳೆ ಬಣ್ಣ ಹಳದಿಗೆ ತಿರುಗಿತೆಂದು ಕುಣಿಯುವವರಿಗೆ ಒಂದೇ ಮಾತು: ನಮ್ಮ ಕ್ಯಾಂಟೀನಿನ ಕಾಫಿ ಹಾಕಿದರೂ ತಿರುಗುತ್ತದೆ.

"ನಮ್ಮೂರಲ್ಲಿ ಕಾಮಾಲೆಗೆ ಇದೇ ಕೊಡದು, ವಾಸಿ ಆಯ್ತದೆ" ಎಂದರು ಯಜಮಾನರು. ಸುಳ್ಳಲ್ಲ. ಆದರೆ ನೀರಿನಿಂದ ಹರಡುವ ಹೆಪಟೈಟಿಸ್ ಎ ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಗಿಡವೆಂದ ಮಾತ್ರಕ್ಕೆ ನಿರಪಾಯವೆಂದೂ ಹೇಳಲಾರೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ತೊಂದರೆ ಕಂಡಿತೆಂದು ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೆಯಿತು. ನನ್ನ ಹಿತ್ತಲಲ್ಲೂ ಒಂದು ಅಮೃತಬಳ್ಳಿ ಇದೆ, ಕಿತ್ತುಹಾಕಿಲ್ಲ. ಲಿವರ್ ಕಾಯಿಲೆಯವರಿಗೆ ಮಾತ್ರ ಕಿತ್ತು ಕೊಡುವುದಿಲ್ಲ.

ಚೀಲ ಸುರಿದು ನೋಡಿದೆ. ಹಸಿರು ಕಾಂಡದ್ದು, ಕೆಂಪು ಕಾಂಡದ್ದು, ನಡುವೆ ಯಾವುದೋ ಕಳೆ. "ಎಲ್ಲಾ ನೆಲ್ಲಿನೇ ಅಲ್ವಾ ಸಾ" ಎಂದು ನಕ್ಕರು. ಪರೀಕ್ಷೆಗೆ ಸೊಪ್ಪು ತರುವವರು ದಯವಿಟ್ಟು ಬೇರು, ಹೂ, ಕಾಯಿ ಸಮೇತ ಇಡೀ ಗಿಡ ತನ್ನಿ. ಏನೆಂದೇ ಗೊತ್ತಿಲ್ಲದ್ದನ್ನು ನಾವು ಇಲಿಗೂ ಕುಡಿಸುವುದಿಲ್ಲ.

ರಿಪೋರ್ಟು ವಾಪಸು ಕೊಟ್ಟು, ಇದನ್ನು ಲಿವರ್ ಡಾಕ್ಟರಿಗೆ ಇವತ್ತೇ ತೋರಿಸಿ ಎಂದೆ. ನಮ್ಮ ಇಲಿಗೆ ವಿಷ ಒಂದೇ ಸಲ, ನಿಮ್ಮ ತಮ್ಮನಿಗೆ ದಿನಾ ಸಂಜೆ. ಮೊದಲು ಅದು ನಿಲ್ಲಲಿ ಎಂದೆ.

ಯಜಮಾನರು ಸೊಪ್ಪನ್ನು ಮತ್ತೆ ಚೀಲಕ್ಕೆ ತುಂಬುತ್ತಾ, "ಅದೊಂದ್ ಬುಟ್ಟು ಬ್ಯಾರೆ ಏನಾರ ಹೇಳಿ ಸಾ" ಎಂದರು.